ಮರಳಿ ಬಂದ ಚಿತ್ರಗಳು

ಕಣ್ಣಿಗೆ ಕಂಡದ್ದೆಲ್ಲವೂ ಚಿತ್ರವಾಗುವುದಿಲ್ಲ. ಚಿತ್ರವಾದುದೆಲ್ಲವೂ ಪರರ ಉಪಯೋಗಕ್ಕೆ ಒದಗುವುದಿಲ್ಲ. ಈ ಮಾತಿನ ಅರ್ಥವನ್ನು ಇಳಕಲ್ಲಿನ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಅರವತ್ತು ದಾಟಿದ ಮೇಲೆ ಅರಿತರು. ಮೂರು ದಶಕ ಮಕ್ಕಳ ಹಾಳೆಗಳ ಮೇಲೆ ಕೆಂಪು ಗೆರೆ ಎಳೆದ ಅವರಿಗೆ, ತಮ್ಮ ಕೆಲಸದ ಮೇಲೆಯೇ ಆ ಗೆರೆ ಬೀಳುವ ಕಾಲ ಒದಗಿತ್ತು.

ಪತ್ರಿಕೆ, ಪುಸ್ತಕ, ಜಾಹೀರಾತುಗಳಿಗೆ ಬೇಕಾಗುವ ಛಾಯಾಚಿತ್ರಗಳನ್ನು ಸಂಗ್ರಹಿಸಿಟ್ಟು, ಬಳಕೆಯ ಹಕ್ಕನ್ನು ಮಾರುವ ಚಿತ್ರಭಂಡಾರಗಳು ಹಿಂದಿನಿಂದಲೂ ಇವೆ. 2000ದಲ್ಲಿ ಆರಂಭವಾದ ಐಸ್ಟಾಕ್‌ಫೋಟೊ, 2003ರಲ್ಲಿ ಹುಟ್ಟಿದ ಶಟರ್‌ಸ್ಟಾಕ್ ಮೊದಲಾದವು ಅಂತರಜಾಲದ ಮೂಲಕ ಈ ಭಂಡಾರದ ಬಾಗಿಲನ್ನು ಹವ್ಯಾಸಿಗಳಿಗೂ ತೆರೆದವು. ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ಪರೀಕ್ಷೆಯೊಂದು ಕಾದಿರುತ್ತದೆ. ಶಿಕ್ಷಕರು ಇಂಥದೊಂದು ಭಂಡಾರಕ್ಕೆ ತಮ್ಮೂರಿನ ನೇಕಾರಿಕೆಯ ಹತ್ತು ಚಿತ್ರಗಳನ್ನು ಕಳುಹಿಸಿದರು. ಒಂಬತ್ತು ತಿರಸ್ಕೃತವಾದವು.

ಮೊದಲು ಅವರಿಗೆ ಸಿಟ್ಟು ಬಂದಿತು. ಇಳಕಲ್ಲ ಸೀರೆಯ ಸೊಗಸು ಆ ಪರೀಕ್ಷಕರಿಗೇನು ತಿಳಿದೀತೆಂದು ಮನೆಯಲ್ಲಿ ಗೊಣಗಿದರು. ಎರಡು ದಿನಗಳ ತರುವಾಯ, ಉತ್ತರಪತ್ರಿಕೆ ತಿದ್ದುವ ಹಳೆಯ ತಾಳ್ಮೆಯಿಂದ ತಮ್ಮ ಚಿತ್ರಗಳನ್ನೇ ಪರದೆಯ ಮೇಲೆ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದರು. ಚಿಕ್ಕದಾಗಿ ಕಂಡಾಗ ಮುಚ್ಚಿಹೋಗಿದ್ದ ದೋಷಗಳೆಲ್ಲ ಬಯಲಾದವು. ಕುಣಿಮಗ್ಗದ ಕತ್ತಲೆಯಲ್ಲಿ ಐಎಸ್‌ಒ ಪ್ರಮಾಣವನ್ನು ಏರಿಸಿ ತೆಗೆದದ್ದರಿಂದ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಗಳು ಎದ್ದಿದ್ದವು. ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗಿ ನೂಲಿನ ಎಳೆಗಳು ಮಸುಕಾಗಿದ್ದವು. ಗೋಡೆಯ ಕ್ಯಾಲೆಂಡರಿನಲ್ಲಿ ಕಂಪನಿಯೊಂದರ ಮುದ್ರೆ ಎದ್ದು ಕಾಣುತ್ತಿತ್ತು. ನಾಲ್ಕು ಚಿತ್ರಗಳು ಒಂದೇ ನೋಟದ ನಾಲ್ಕು ಪ್ರತಿಗಳಂತಿದ್ದವು.

ಇವು ತಿದ್ದಬಹುದಾದ ತಪ್ಪುಗಳು. ಕಿಟಕಿಯ ಬೆಳಕು ಮಗ್ಗದ ಮೇಲೆ ಬೀಳುವ ಮುಂಜಾವಿಗೆ ಅವರು ಕಾದರು, ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಐಎಸ್‌ಒ ಪ್ರಮಾಣವನ್ನು 100ಕ್ಕೆ ಇಳಿಸಿದರು, ಕ್ಯಾಲೆಂಡರನ್ನು ಕೆಳಗಿಳಿಸಿದರು, ನಾಲ್ಕರಲ್ಲಿ ಒಂದನ್ನೇ ಆರಿಸಿದರು. ಅಡೋಬಿ ಸ್ಟಾಕ್, ಶಟರ್‌ಸ್ಟಾಕ್‌ನಂಥ ಸಂಸ್ಥೆಗಳು ಕೇಳುವುದು ಕನಿಷ್ಠ 40 ಲಕ್ಷ ಪಿಕ್ಸೆಲುಗಳ ಚಿತ್ರವನ್ನು. ಆದ್ದರಿಂದ ಬೇಕಿಲ್ಲದ ಅಂಚನ್ನು ಕತ್ತರಿಸುವಾಗಲೂ ಎಚ್ಚರ ವಹಿಸಿದರು. ‘ಸುಂದರ ಭಾರತ’ ಎಂಬ ಶೀರ್ಷಿಕೆಯನ್ನು ಬಿಟ್ಟು ಕೈಮಗ್ಗ, ರಾಟಿ, ರೇಷ್ಮೆ, ಟೋಪ ತೆನಿ ಸೆರಗು ಎಂದು ಇದ್ದುದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಬರೆದರು. ಹುಡುಕುವವನಿಗೆ ಚಿತ್ರ ಸಿಕ್ಕುವುದು ಈ ಪದಗಳಿಂದಲೇ.

ಆದರೆ ಅವರಿಗೆ ಅತ್ಯಂತ ಪ್ರಿಯವಾಗಿದ್ದ ಚಿತ್ರದ ದೋಷ ಬೆಳಕಿನದಾಗಿರಲಿಲ್ಲ. ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವ ವೃದ್ಧೆಯ ಮುಖ ಅದರಲ್ಲಿತ್ತು. ಆಕೆಯ ಒಪ್ಪಿಗೆಪತ್ರ ಇರಲಿಲ್ಲ. ಗುರುತು ಹಿಡಿಯಬಹುದಾದ ಮುಖವನ್ನು ವಾಣಿಜ್ಯದ ಬಳಕೆಗೆ ಕೊಡಬೇಕಾದರೆ ಆ ವ್ಯಕ್ತಿಯ ಲಿಖಿತ ಸಮ್ಮತಿ ಬೇಕು. ಕಲಾಕೃತಿಗಳಿಗೂ ಇಂಥ ಹಕ್ಕುಗಳುಂಟು. ಪ್ಯಾರಿಸಿನ ಐಫೆಲ್ ಗೋಪುರವನ್ನು ಹಗಲಿನಲ್ಲಿ ಚಿತ್ರಿಸಲು ತಡೆಯಿಲ್ಲ; ರಾತ್ರಿಯ ದೀಪಾಲಂಕಾರದ ಚಿತ್ರವನ್ನು ವಾಣಿಜ್ಯಕ್ಕೆ ಬಳಸಲು ಮಾತ್ರ ಅನುಮತಿ ಅಗತ್ಯ.

ಶಿಕ್ಷಕರು ಕಾಗದ ಹಿಡಿದು ಆ ಮನೆಗೆ ಹೋದರು. ವೃದ್ಧೆ ಎಲ್ಲವನ್ನೂ ಕೇಳಿಸಿಕೊಂಡು, “ಮಾಸ್ತರ್ರ, ನನ್ನ ಮಾರಿ ಎಲ್ಲಿ ಹಚ್ಚತಾರ್ರಿ?” ಎಂದಳು.

“ಅದು ನನಗೂ ತಿಳಿಯೂದಿಲ್ಲವ್ವ,” ಎಂದು ಶಿಕ್ಷಕರು ನಿಜವನ್ನೇ ನುಡಿದರು.

“ಹಂಗಾದ್ರ ಮಾರಿ ಬ್ಯಾಡ್ರಿ. ಕೈ ಬೇಕಾದ್ರ ತಗೋರಿ. ಅವು ದುಡಿದಾವು, ಎಲ್ಲಿದ್ರೂ ನಾಚಿಕಿ ಇಲ್ಲ.”

ಶಿಕ್ಷಕರು ಕಾಗದವನ್ನು ಮಡಿಚಿಟ್ಟರು. ಒತ್ತಾಯಿಸಿದ್ದರೆ ಹೆಬ್ಬೆಟ್ಟು ಸಿಕ್ಕುತ್ತಿತ್ತೇನೋ, ಅವರು ಒತ್ತಾಯಿಸಲಿಲ್ಲ. ಮರುದಿನ ಮುಂಜಾನೆ ಬಂದು, ನೂಲಿನ ಎಳೆ ಹಿಡಿದ ಆ ಎರಡು ಕೈಗಳನ್ನಷ್ಟೇ ಚಿತ್ರಿಸಿದರು. ಆ ಚಿತ್ರ ಸ್ವೀಕೃತವಾಯಿತು. ಮುಖದ ಚಿತ್ರವನ್ನು ಅಚ್ಚು ಹಾಕಿಸಿ, ಕಟ್ಟು ಕಟ್ಟಿಸಿ ಆಕೆಗೇ ಕೊಟ್ಟರು.

ತಿರಸ್ಕಾರವೆಂಬುದು ಬಹುಮಟ್ಟಿಗೆ ತಿದ್ದುಪಡಿಯ ಮೊದಲ ಸಾಲು. ಅದನ್ನು ಅವಮಾನವೆಂದು ಬಗೆದವನು ಅಲ್ಲಿಯೇ ನಿಲ್ಲುತ್ತಾನೆ. ಪಾಠವೆಂದು ಓದಿದವನು ಬೆಳಕನ್ನಷ್ಟೇ ಅಲ್ಲ, ಎದುರಿಗೆ ಕುಳಿತ ಮನುಷ್ಯರನ್ನೂ ಸರಿಯಾಗಿ ಕಾಣಲು ಕಲಿಯುತ್ತಾನೆ.