ಜಲಸಂಗ್ವಿಯ ಲೇಖನಸುಂದರಿ

ಕಲ್ಯಾಣಕ್ಕೆ ಹೋಗುವವರು ಬಹುಮಟ್ಟಿಗೆ ಶರಣರ ಸ್ಮರಣೆಗಾಗಿಯೇ ಹೋಗುತ್ತಾರೆ. ಅದು ಯುಕ್ತವೇ ಸರಿ. ಆದರೆ ಚಿತ್ರಕಲೆಯ ವಿಚಾರದಲ್ಲಿಯೂ ಈ ಸೀಮೆ ನಮಗೆ ಗುರುಸ್ಥಾನವೆಂಬುದನ್ನು ಬಲ್ಲವರು ವಿರಳ. ಈಚೆಗೆ ನಾವು ಬಸವಕಲ್ಯಾಣ ಹುಮನಾಬಾದುಗಳಲ್ಲಿ ಸಂಚರಿಸಿದಾಗ ಕಂಡ ಒಂದು ಕಲ್ಲಿನ ಹೆಣ್ಣಿನ ವೃತ್ತಾಂತವನ್ನು ವಾಚಕರಿಗೆ ನಿವೇದಿಸುತ್ತೇವೆ.

1956ರಲ್ಲಿ ಬಸವಕಲ್ಯಾಣವೆಂದು ಪುನರ್ನಾಮಕರಣಗೊಂಡ ಈ ಊರು ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನಿಂದ ಚಾಲುಕ್ಯರ ರಾಜಧಾನಿಯಾಯಿತು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಬಿಲ್ಹಣನು ಅವನ ಆಸ್ಥಾನಕವಿ. ಮಿತಾಕ್ಷರಾ ವ್ಯಾಖ್ಯಾನದ ಕರ್ತೃವಾದ ವಿಜ್ಞಾನೇಶ್ವರನೂ ಅವನ ಕಾಲದವನೇ. ವಿಕ್ರಮಾದಿತ್ಯನ ಪುತ್ರನಾದ ಮೂರನೆಯ ಸೋಮೇಶ್ವರನು ತಾನೇ ಲೇಖನಿಯನ್ನು ಹಿಡಿದು ಮಾನಸೋಲ್ಲಾಸವೆಂಬ ಗ್ರಂಥವನ್ನು ರಚಿಸಿದನು. ಕೋಟೆಯ ಗೋಡೆಯ ನೆರಳಿನಲ್ಲಿ ಕುಳಿತಾಗ ನಮ್ಮ ಮನಸ್ಸು ಆ ಗ್ರಂಥದ ಚಿತ್ರಪ್ರಕರಣದತ್ತ ಹರಿಯಿತು. ಅಲ್ಲಿ ಚಿತ್ರಗಳ ಭೇದಗಳನ್ನು ಹೇಳುತ್ತ, ಕನ್ನಡಿಯ ಪ್ರತಿಬಿಂಬದಂತೆ ವಸ್ತುವನ್ನು ಹೋಲುವುದು ವಿದ್ಧವೆಂದೂ, ಮನಸ್ಸಿಗೆ ತೋರಿದ ಆಕಾರವನ್ನು ಥಟ್ಟನೆ ಬರೆದುದು ಅವಿದ್ಧವೆಂದೂ ರಾಜನು ವಿಭಾಗಿಸಿದ್ದಾನೆ.

ಈ ಎರಡನೆಯ ಬಗೆಗೆ ಇಂದಿನ ನಿದರ್ಶನ ಬೇಕೆ? ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು 1951ರಿಂದ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಚಿತ್ರಿಸಿದ ಶ್ರೀಸಾಮಾನ್ಯನನ್ನು ನೋಡಿರಿ. ಚೌಕಳಿಯ ಕೋಟು, ಪಂಚೆ, ಕನ್ನಡಕ, ಬಿಳಿಯ ಮೀಸೆ. ಇಷ್ಟು ಕಂಡರೆ ಸಾಕು, ಮಕ್ಕಳೂ ಅವನ ಗುರುತನ್ನು ಹೇಳಿಯಾರು. ಹೀಗೆ ನಾಲ್ಕಾರು ಲಕ್ಷಣಗಳಿಂದ ನೆಲೆನಿಂತು, ಸಂದರ್ಭಕ್ಕೆ ತಕ್ಕಂತೆ ವೇಷ ವ್ಯಾಪಾರಗಳನ್ನು ಬದಲಿಸುವ ಚಿತ್ರಪಾತ್ರಗಳು ನಮ್ಮ ಶಿಲ್ಪಿಗಳಲ್ಲಿಯೂ ಇದ್ದವು. ಅವುಗಳಲ್ಲಿ ಅತ್ಯಂತ ದೀರ್ಘಾಯುಷಿ ಎಂದರೆ ಶಾಲಭಂಜಿಕೆ.

ಇವಳ ಜನ್ಮ ಒಂದು ಆಟದಲ್ಲಿದೆ. ಸಾಲವೃಕ್ಷದ ಹೂಗೊಂಬೆಗಳನ್ನು ಮುರಿಯುವ ಕ್ರೀಡೆಯನ್ನು ಕಾಶಿಕಾವೃತ್ತಿಯು ಪೂರ್ವದೇಶದವರ ಆಟಗಳ ಉದಾಹರಣೆಯಾಗಿ ಕೊಡುತ್ತದೆ. ಆ ಹೆಸರೇ ಕ್ರಮೇಣ ಕೊಂಬೆಯನ್ನು ಹಿಡಿದು ಬಾಗಿ ನಿಂತ ಪ್ರತಿಮೆಗೆ ಸಂದಿತು. ಸಾಂಚಿಯ ತೋರಣದಲ್ಲಿ ಅವಳು ಮರವನ್ನು ಬಿಟ್ಟಿರಳು. ತರುಣಿಯ ಪಾದ ತಾಕಿದರೆ ಅಶೋಕವು ಹೂಬಿಡುವುದೆಂಬ ದೋಹದದ ಕಲ್ಪನೆಯೂ ಅದರೊಡನೆ ಬೆರೆಯಿತು. ದಕ್ಷಿಣಕ್ಕೆ ಬರುಬರುತ್ತ ಅವಳು ಮರವನ್ನು ಮರೆತು ಕನ್ನಡಿ ಹಿಡಿದಳು, ಗಿಳಿಯೊಡನೆ ಮಾತನಾಡಿದಳು, ಮದ್ದಳೆ ಬಾರಿಸಿದಳು.

ಹುಮನಾಬಾದಿನಲ್ಲಿ ವೀರಭದ್ರೇಶ್ವರನ ದರ್ಶನವನ್ನು ಮಾಡಿಕೊಂಡು ನಾವು ಅದೇ ತಾಲೂಕಿನ ಜಲಸಂಗ್ವಿಗೆ ಹೋದೆವು. ಅಲ್ಲಿರುವುದು ವಿಕ್ರಮಾದಿತ್ಯನ ಕಾಲದ ಶಿವಾಲಯ. ಹೊರಗೋಡೆಯ ಸುತ್ತಲೂ ಶಿಲಾಬಾಲಿಕೆಯರು ನಿಂತಿದ್ದಾರೆ. ಕೆಲವರು ಕಾಲನ ಕೈಗೆ ಸಿಕ್ಕಿ ಭಗ್ನರಾಗಿದ್ದಾರೆ. ಅವರ ನಡುವೆ ಒಬ್ಬಳು ಶಿಲಾಫಲಕದ ಮೇಲೆ ಬರೆಯುತ್ತಿದ್ದಾಳೆ. ಬರೆಯುವ ಸುಂದರಿಯರು ಉತ್ತರದೇಶದ ಶಿಲ್ಪಗಳಲ್ಲಿಯೂ ಉಂಟು. ಆದರೆ ಇವಳ ಬರಹ ಬರಿಯ ಅಭಿನಯವಲ್ಲ, ಓದಬಹುದಾದ ಅಕ್ಷರ. ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶಾಸನವದು!

ಆಗ ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅಲ್ಲಿಯ ಮದನಿಕೆಯರು ಇವರ ಸೋದರಿಯರು. ಗೋಡೆಯನ್ನು ಬಿಟ್ಟು ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ನಿಂತರು. ಆಭರಣ ಹೆಚ್ಚಿತು, ತಲೆಯ ಮೇಲೆ ಬಳ್ಳಿಗಳ ಚಪ್ಪರ ಹರಡಿತು. ಕೀರ್ತಿಯೆಲ್ಲ ಅವರಿಗೇ ಸಂದಿತು. ಜಲಸಂಗ್ವಿಯವರು ಮಿತಭೂಷಣರಾಗಿ, ತಮ್ಮ ನಿಲುವಿನ ಚೆಲುವೊಂದನ್ನೇ ನೆಚ್ಚಿ ಇಲ್ಲಿಯೇ ಉಳಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಮಗೆ ಆ ಬಾಲೆಯ ಮುಂದೆ ನಿಂತಾಗ ಅನೇಕ ಮುಖಗಳು ನೆನಪಾದವು. ಮುತ್ತು ಪೋಣಿಸಿದಂತೆ ಅಕ್ಷರ ಬರೆಯುತ್ತಿದ್ದ ಹುಡುಗಿಯರು ನಮ್ಮ ತರಗತಿಯಲ್ಲಿದ್ದರು. ಮದುವೆಯ ಮಾತು ಬಂದೊಡನೆ ಅವರ ಪುಸ್ತಕ ಮುಚ್ಚಿತು. ಹಿರಿಯರಿಗೆ ನಾವು ಹೇಳಿದ ಮಾತು ಅನೇಕ ಸಲ ವ್ಯರ್ಥವಾಯಿತು. ಹೆಣ್ಣಿಗೆ ಅಕ್ಷರವೇಕೆಂದು ಕೇಳುವ ಮನೆಗಳಿಗೆ ಒಂಬೈನೂರು ವರ್ಷಗಳ ಹಿಂದಿನ ಆ ಶಿಲ್ಪಿಯೇ ಉತ್ತರ ಕೊಟ್ಟಿದ್ದಾನೆ. ಹೆಣ್ಣಿನ ಕೈಗೆ ಲೇಖನಿ ಭೂಷಣವೆಂದೇ ಅವನು ಬಗೆದನು.

ಆದರೂ ಅವಳು ಬರೆದುದು ಅರಸನ ಹೊಗಳಿಕೆ, ತನ್ನ ಮಾತನ್ನಲ್ಲ. ಅದಕ್ಕೆ ಇನ್ನೊಂದು ಅರ್ಧ ಶತಮಾನ ಕಾಯಬೇಕಾಯಿತು. ಆಮೇಲೆ ಇದೇ ಕಲ್ಯಾಣಕ್ಕೆ ಅಕ್ಕಮಹಾದೇವಿ ಬಂದಳು, ಆಯ್ದಕ್ಕಿ ಲಕ್ಕಮ್ಮ ಬಂದಳು. ಅವರು ಅರಸನನ್ನು ಹೊಗಳಲಿಲ್ಲ, ತಮ್ಮ ಅನುಭವವನ್ನು ತಮ್ಮ ನುಡಿಯಲ್ಲಿಯೇ ಹೇಳಿದರು. ಕೊಂಬೆ ಹಿಡಿದ ಕೈ ಲೇಖನಿ ಹಿಡಿದದ್ದು ಒಂದು ಹೆಜ್ಜೆ. ಆ ಲೇಖನಿ ಸ್ವಂತದ್ದಾದದ್ದು ಎರಡನೆಯದು. ಈ ಎರಡೂ ಹೆಜ್ಜೆಗಳು ಒಂದೇ ಸೀಮೆಯ ಮಣ್ಣಿನಲ್ಲಿ ಮೂಡಿವೆ.

ಕಲ್ಯಾಣದ ಯಾತ್ರೆಯನ್ನು ಕೈಕೊಳ್ಳುವ ಗೃಹಸ್ಥರು ಜಲಸಂಗ್ವಿಗೆಂದು ಒಂದು ಹೊತ್ತನ್ನು ಮೀಸಲಿಡಲಿ. ಜೊತೆಗೆ ಹೆಣ್ಣುಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಲಿ.