ತೆಂಗಿನ ಮರದ ನೆರಳು

ಮೂವತ್ತು ವರ್ಷ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಟ್ಟವಳು ನಾನು. 2024ರಲ್ಲಿ ತಾರಸಿಗೆ ಸೋಲಾರ್ ಹಾಕಿಸಲು ಹೊರಟಾಗಲೂ ಮೊದಲು ಪೆನ್ಸಿಲ್ ಹಿಡಿದು ಕೂತೆ. ಎರಡು ಕಿಲೋವ್ಯಾಟಿಗೆ 1,30,000 ರೂಪಾಯಿ. ಕೇಂದ್ರದ ಸೂರ್ಯಘರ್ ಯೋಜನೆಯ ಸಹಾಯಧನ 60,000 ಕಳೆದರೆ ಕೈಯಿಂದ 70,000. ನಮ್ಮ ಬಳಕೆ ತಿಂಗಳಿಗೆ 240 ಯೂನಿಟ್. 200 ದಾಟಿದ್ದರಿಂದ ಗೃಹಜ್ಯೋತಿಯೂ ಇಲ್ಲ, ಪೂರ್ತಿ ಬಿಲ್ಲು. ತಿಂಗಳಿಗೆ 1,500 ಉಳಿದರೆ ನಾಲ್ಕು ವರ್ಷದೊಳಗೆ ಹಾಕಿದ ದುಡ್ಡು ವಾಪಸ್ಸು.

ಅಳತೆಗೆ ಬಂದ ಹುಡುಗ ತಾರಸಿ ಹತ್ತಿ ನೋಡಿ, "ಮೇಡಂ, ಈ ತೆಂಗು ಕಡಿಸಿಬಿಡಿ. ಒಂದು ಫಲಕದ ಮೇಲೆ ನೆರಳು ಬಿದ್ದರೆ ಸಾಲಿನಲ್ಲಿರುವ ಉಳಿದವೂ ಸೊರಗುತ್ತವೆ" ಎಂದ. ಅದು ನಮ್ಮತ್ತೆ ನೆಟ್ಟ ಮರ. ನನ್ನ ಎರಡು ಬಾಣಂತನಕ್ಕೂ ಎಣ್ಣೆ ಬಂದದ್ದು ಅದರಿಂದಲೇ. ಯಜಮಾನರು ಮಾತಾಡಲಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕೊನೆಗೆ ಫಲಕಗಳನ್ನೇ ದಕ್ಷಿಣ ಬಿಟ್ಟು ಪಡುವಣಕ್ಕೆ ಮುಖಮಾಡಿ ಕೂರಿಸಿದೆವು. ವಿದ್ಯುತ್ ಒಂದಿಷ್ಟು ಕಡಿಮೆ. ತಿಂಗಳಿಗೆ ಉಳಿಯುವುದು 1,200. ಹಾಕಿದ ದುಡ್ಡು ಹುಟ್ಟಲು ಹತ್ತಿರ ಹತ್ತಿರ ಐದು ವರ್ಷ ಬೇಕು. ಹೆಚ್ಚಾದ ಆ ಒಂದು ವರ್ಷವನ್ನು ನಾನು ನಷ್ಟದ ಕಡೆ ಬರೆದಿಲ್ಲ. ಮೊನ್ನೆಯೂ ಆ ಮರದಿಂದ ನಲವತ್ತು ಕಾಯಿ ಇಳಿಸಿದೆವು.