ಗಾಳ ಹಾಕುವ ಮುನ್ನ

ಪ್ರವಾಸವೆಂಬುದು ಹೊರಟ ದಿನವೇ ಮೊದಲಾಗುವುದಿಲ್ಲ. ಅದರ ಬಹುಭಾಗವು ಮನೆಯೊಳಗೆ, ನಕ್ಷೆಗಳ ಮತ್ತು ಪಟ್ಟಿಗಳ ನಡುವೆ, ಎಷ್ಟೋ ದಿನ ಮುಂಚಿತವಾಗಿಯೇ ನಡೆದುಹೋಗಿರುತ್ತದೆ. ಐರ್ಲೆಂಡಿನ ಕಾರ್ಕ್ ನಗರದಲ್ಲಿರುವ ಶಾಲಾ ಉಪಾಧ್ಯಾಯರೊಬ್ಬರು ತಮ್ಮ ಹದಿನಾಲ್ಕು ವರ್ಷದ ಮಗಳನ್ನೂ ಬಾಲ್ಯದ ಗೆಳೆಯರೊಬ್ಬರನ್ನೂ ಕರೆದುಕೊಂಡು ಪಶ್ಚಿಮದ ಕರಾವಳಿಗೆ ಹೋಗಿ, ಐದು ದಿನ ಗುಡಾರದಲ್ಲಿದ್ದು, ಸಮುದ್ರದ ಮೀನು ಹಿಡಿದು ಬರಬೇಕೆಂದು ಯೋಚಿಸಿದರು. ಪ್ರಯಾಣವನ್ನು ಜೂನ್ ತಿಂಗಳಿಗೆಂದು ನಿಶ್ಚಯಿಸಿ, ಸಿದ್ಧತೆಯನ್ನು ಫೆಬ್ರವರಿಯ ದೀರ್ಘ ಸಂಜೆಗಳಲ್ಲಿಯೇ ತೊಡಗಿದರು. ಅವರು ಜೈನರಲ್ಲ. ಅವರ ನಾಡಿನಲ್ಲಿ ಗಾಳ ಹಾಕುವುದು ನಿರುಪದ್ರವಿ ವಿನೋದಗಳಲ್ಲೊಂದು. ಆದರೂ ಆ ಸಂಜೆಗಳಲ್ಲಿ ಅವರ ಅಡುಗೆಮನೆಯ ಮೇಜಿನ ಸುತ್ತ ನಡೆದ ಮಾತುಕತೆ ವಿಚಾರಶೀಲರಾದ ವಾಚಕರ ಗಮನಕ್ಕೆ ಅರ್ಹವಾದುದು.

ಅವರು ಆರಿಸಿಕೊಂಡ ಸ್ಥಳ ಕೆರ್ರಿ ಜಿಲ್ಲೆಯ ಡಿಂಗಲ್ ಪರ್ಯಾಯದ್ವೀಪ. ಅದರ ದಕ್ಷಿಣ ಪಾರ್ಶ್ವದಲ್ಲಿ ಇಂಚ್ ಎಂಬ ಮರಳತೀರ ಸುಮಾರು ಐದು ಕಿಲೋಮೀಟರ್ ಉದ್ದಕ್ಕೆ ಸಮುದ್ರದೊಳಗೆ ಚಾಚಿಕೊಂಡಿದೆ. ಉತ್ತರ ಪಾರ್ಶ್ವದಲ್ಲಿ ಬ್ರ್ಯಾಂಡನ್ ಕೊಲ್ಲಿಯಿದೆ. ಅಟ್ಲಾಂಟಿಕ್ ಸಾಗರದ ಅಲೆಗಳು ಅಡೆತಡೆಯಿಲ್ಲದೆ ಬಂದು ಬಡಿಯುವ ಈ ತೀರಗಳು ಬಾಸ್ ಎಂಬ ಮೀನಿಗೆ ಪ್ರಸಿದ್ಧ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಯಾದರೂ ಬೆಳಕು ಪೂರ್ತಿ ಅಡಗುವುದಿಲ್ಲ.

ಮೊದಲು ಎದ್ದ ಪ್ರಶ್ನೆ ಉಬ್ಬರವಿಳಿತಗಳದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಆ ಕರೆಯಲ್ಲಿ ನೀರಿನ ಏರಿಳಿತ ಮೂರು ಮೀಟರನ್ನೂ ಮೀರುತ್ತದೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಕಾಲ. ಬಂಡೆಯ ಮೇಲೆ ನಿಂತು ಗಾಳದ ತುದಿಯನ್ನೇ ನೋಡುತ್ತಿರುವವನ ಹಿಂದೆ ದಾರಿ ಯಾವಾಗ ಮುಳುಗಿತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಉಪಾಧ್ಯಾಯರು ಉಬ್ಬರದ ಕೋಷ್ಟಕವನ್ನು ಮಗಳ ಕೈಗೆ ಕೊಟ್ಟು ಐದು ದಿನಗಳ ವೇಳೆಯನ್ನು ಬರೆಯಹೇಳಿದರು. ಬಂಡೆಗೆ ಹೋಗುವವರು ಲೈಫ್ ಜಾಕೆಟ್ ತೊಡದೆ ಹೋಗಕೂಡದು, ಹವಾಮಾನ ಇಲಾಖೆಯ ಎಚ್ಚರಿಕೆ ಇದ್ದ ದಿನ ತೀರಕ್ಕೇ ಇಳಿಯಕೂಡದು, ಅಪಾಯವಾದರೆ ೧೧೨ಕ್ಕೆ ಕರೆಮಾಡಿ ಕರಾವಳಿ ರಕ್ಷಣಾ ಪಡೆಯನ್ನು ಕೇಳಬೇಕು ಎಂಬ ಮೂರು ಮಾತುಗಳು ಪಟ್ಟಿಯ ತಲೆಯಲ್ಲಿ ಬಂದವು. ಕಡಲಿಗೆ ಬಿದ್ದವರನ್ನು ಎತ್ತಲು ದೋಣಿಯೇರಿ ಹೋಗುವವರಲ್ಲಿ ಬಹುಮಂದಿ ಆ ಆ ಊರಿನ ಸ್ವಯಂಸೇವಕರು. ಒಬ್ಬನ ಅಜಾಗರೂಕತೆಯು ಇನ್ನೊಬ್ಬನ ಪ್ರಾಣವನ್ನು ಪಣಕ್ಕಿಡುತ್ತದೆ ಎಂಬುದನ್ನು ಕಡಲಂಚಿನ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಡಾರ ಹಾಕುವ ಜಾಗದ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಬ್ರ್ಯಾಂಡನ್ ಕೊಲ್ಲಿಗೂ ಟ್ರಲೀ ಕೊಲ್ಲಿಗೂ ನಡುವೆ ಮಹರೀಸ್ ಎಂಬ ಮರಳಿನ ನಾಲಿಗೆಯಿದೆ. ಗೆಳೆಯರಿಗೆ ಅಲ್ಲಿಯ ಮರಳುದಿಬ್ಬಗಳ ನಡುವಿನ ತಗ್ಗಿನಲ್ಲಿ, ಗಾಳಿ ತಾಗದ ಕಡೆ ಮಲಗುವ ಆಸೆ. ಅದಕ್ಕೆ ಇದ್ದ ಅಡ್ಡಿ ಎರಡು. ಐರ್ಲೆಂಡಿನಲ್ಲಿ ಕಂಡಕಂಡಲ್ಲಿ ಗುಡಾರ ಹೂಡುವ ಹಕ್ಕು ಯಾರಿಗೂ ಇಲ್ಲ. ನೆಲದ ಒಡೆಯನ ಅನುಮತಿ ಬೇಕು. ಮತ್ತೊಂದು ಅಡ್ಡಿ ಕಾನೂನಿಗಿಂತ ಸೂಕ್ಷ್ಮವಾದುದು. ಆ ದಿಬ್ಬಗಳನ್ನು ಹಿಡಿದು ನಿಲ್ಲಿಸಿರುವುದು ಮರ್ರಮ್ ಎಂಬ ಬಿರುಸಾದ ಹುಲ್ಲಿನ ಬೇರು. ಕಾಲ್ತುಳಿತಕ್ಕೆ ಹುಲ್ಲು ಸತ್ತರೆ ಗಾಳಿಯು ಮರಳನ್ನು ಒಯ್ಯುತ್ತದೆ, ದಿಬ್ಬ ಕರಗುತ್ತದೆ, ಹಿಂದಿನ ಹೊಲಮನೆಗಳಿಗೆ ಸಮುದ್ರ ಹತ್ತಿರವಾಗುತ್ತದೆ. ಅಲ್ಲಿಯ ಊರವರು ಹುಲ್ಲನ್ನು ಕೈಯಾರೆ ನೆಟ್ಟು ಬೇಲಿ ಕಟ್ಟಿ ದಿಬ್ಬಗಳನ್ನು ಕಾಯುತ್ತಿದ್ದಾರೆ. ಆ ಸೀಮೆಯ ದಿಬ್ಬಗಳ ನಡುವಿನ ನೀರುತಗ್ಗುಗಳಲ್ಲಿಯೇ ನ್ಯಾಟರ್‌ಜ್ಯಾಕ್ ಎಂಬ ನೆಲಗಪ್ಪೆ ಬೇಸಗೆಯ ಆರಂಭದಲ್ಲಿ ಮೊಟ್ಟೆಯಿಡುತ್ತದೆ. ಐರ್ಲೆಂಡಿನ ಏಕಮಾತ್ರ ನೆಲಗಪ್ಪೆಯ ಜಾತಿ ಅದು. ರಾತ್ರಿಯಲ್ಲಿ ಸಂಚರಿಸುವ ಅಂಗೈಗಿಂತ ಚಿಕ್ಕ ಜೀವಿ. ಗುಡಾರದ ಗೂಟ ಹೊಡೆಯುವವನ ಕಣ್ಣಿಗೆ ಬೀಳುವುದೂ ಇಲ್ಲ. ಇದನ್ನೆಲ್ಲ ಮಗಳು ಶಾಲೆಯ ಪುಸ್ತಕಭಂಡಾರದಿಂದ ಓದಿಕೊಂಡು ಬಂದಿದ್ದಳು. ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಹೆಸರನ್ನು ಆಕೆ ಕೇಳಿರಲಾರಳು. ಆದರೆ ಅವಳು ಹೇಳಿದ್ದು ಅದನ್ನೇ. ಹಣ ಕೊಟ್ಟು ತಂಗುವ ಬಿಡಾರದ ಮೈದಾನದಲ್ಲಿಯೇ ಗುಡಾರ ಹಾಕುವುದೆಂದು ತೀರ್ಮಾನವಾಯಿತು.

ಇನ್ನು ಉಳಿದದ್ದು ಮೀನು.

ಬಾಸ್ ಬಹಳ ನಿಧಾನವಾಗಿ ಬೆಳೆಯುವ ಮೀನು. ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಬಲ್ಲುದು. ಅತಿಯಾಗಿ ಹಿಡಿದದ್ದರಿಂದ ಅದರ ಸಂತತಿ ಕುಸಿದಾಗ ಐರ್ಲೆಂಡ್ ಸರಕಾರ ೧೯೯೦ರಲ್ಲಿ ಅದರ ವ್ಯಾಪಾರದ ಬೇಟೆಯನ್ನೇ ನಿಲ್ಲಿಸಿತು. ವಿನೋದಕ್ಕೆ ಗಾಳ ಹಾಕುವವರಿಗೂ ೪೨ ಸೆಂಟಿಮೀಟರಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವ ಅಧಿಕಾರವಿಲ್ಲ. ದಿನಕ್ಕೆ ಇಷ್ಟೆಂಬ ಎಣಿಕೆಯೂ ಉಂಟು. ಪೊಲಾಕ್ ಎಂಬ ಇನ್ನೊಂದು ಮೀನಿನ ಸ್ಥಿತಿ ಇನ್ನೂ ಶೋಚನೀಯ. ಆ ಕಡಲುಗಳಲ್ಲಿ ೨೦೨೪ರಲ್ಲಿ ಒಂದನ್ನೂ ಹಿಡಿಯದಿರುವುದೇ ಒಳಿತೆಂದು ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿಯು ಸಲಹೆಯಿತ್ತಿತ್ತು. ಕನ್ನಡ ಕರಾವಳಿಯ ಬಂಗುಡೆಗೆ ಬಂಧುವಾದ ಮ್ಯಾಕರೆಲ್ ಮೀನನ್ನು ಅಲ್ಲಿ ಎಂದೂ ಬರಿದಾಗದ ಸಂಪತ್ತೆಂದು ನಂಬಿದ್ದರು. ಅದರ ಮೀನುಗಾರಿಕೆಗೆ ಇದ್ದ ಸುಸ್ಥಿರತೆಯ ಪ್ರಮಾಣಪತ್ರವೂ ೨೦೧೯ರಲ್ಲಿ ಅಮಾನತಿಗೆ ಬಂದಿತು. ಬಂಡೆಗಳ ಸಂದಿಯಲ್ಲಿ ವಾಸಿಸುವ ರ‍್ಯಾಸ್ ಎಂಬ ಮೀನಿನದು ವಿಚಿತ್ರ ಕಥೆ. ಅವೆಲ್ಲ ಹುಟ್ಟುವಾಗ ಹೆಣ್ಣು. ವರ್ಷಗಳು ಕಳೆದ ಮೇಲೆ ಕೆಲವು ಗಂಡಾಗಿ ಮಾರ್ಪಟ್ಟು ಗೂಡು ಕಾಯುತ್ತವೆ. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗುವ ಬೇಟೆಗಾರನು ಬಹುಶಃ ಗೂಡಿನ ಕಾವಲುಗಾರನನ್ನೇ ಎತ್ತಿರುತ್ತಾನೆ.

ಉಪಾಧ್ಯಾಯರ ಮೊದಲ ಯೋಜನೆ ಅಲ್ಲಿ ರೂಢಿಯಲ್ಲಿರುವುದೇ. ಹಿಡಿದ ಬಾಸ್ ಮೀನನ್ನು ಅಳೆದು, ಚಿತ್ರ ತೆಗೆದು, ಪುನಃ ನೀರಿಗೆ ಬಿಡುವುದು. ಇದರಿಂದ ಯಾರಿಗೂ ಕೇಡಿಲ್ಲವೆಂದು ಅವರು ಬಹುಕಾಲದಿಂದ ನಂಬಿದ್ದರು.

“ಅಪ್ಪ, ಬಿಡುವುದಕ್ಕಾಗಿಯೇ ಆದರೆ ಹಿಡಿಯುವುದೇಕೆ?” ಎಂದು ಮಗಳು ಕೇಳಿದಳು.

ಉತ್ತರ ಕೊಟ್ಟವರು ಗೆಳೆಯರು. “ನಿನ್ನ ಮಾತು ಸರಿ ಮಗೂ. ಒಂದನ್ನು ಕೊಂದು ತಿನ್ನುವವನು ಹಸಿವಿಗಾಗಿ ಕೊಂದೆನೆಂದಾದರೂ ಹೇಳಬಹುದು. ಇಪ್ಪತ್ತನ್ನು ಎಳೆದಾಡಿ ಬಿಡುವವನು ಏನು ಹೇಳಬೇಕು?”

ಈ ಮಾತು ಕೇವಲ ಕುಚೋದ್ಯವಲ್ಲ. ಸ್ವಿಟ್ಜರ್ಲೆಂಡಿನಲ್ಲಿ, ಬಿಡುವ ಸಂಕಲ್ಪದಿಂದಲೇ ಮೀನು ಹಿಡಿಯುವುದನ್ನು ಪ್ರಾಣಿರಕ್ಷಣೆಯ ನಿಯಮವು ನಿಷೇಧಿಸಿದೆ. ಮೀನಿಗೆ ನೋವಿಲ್ಲವೆಂಬ ಹಳೆಯ ಸಮಾಧಾನವೂ ಉಳಿದಿಲ್ಲ. ೨೦೦೩ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿಯೂ ಸಹೋದ್ಯೋಗಿಗಳೂ ಸ್ಕಾಟ್ಲೆಂಡಿನಲ್ಲಿ ಟ್ರೌಟ್ ಮೀನುಗಳನ್ನು ಪರೀಕ್ಷಿಸಿ, ಅವುಗಳ ತಲೆಯಲ್ಲಿ ಗಾಯವನ್ನು ಗ್ರಹಿಸುವ ನರತಂತುಗಳಿವೆಯೆಂದು ತೋರಿಸಿದರು. ತುಟಿಗೆ ಉರಿಯುವ ದ್ರವವನ್ನು ಚುಚ್ಚಿದಾಗ ಆ ಮೀನುಗಳು ಆಹಾರವನ್ನು ಬಿಟ್ಟು ತೊಟ್ಟಿಯ ತಳದ ಕಲ್ಲಿಗೆ ತುಟಿಯನ್ನು ಉಜ್ಜಿಕೊಂಡವು. ಪಂಚೇಂದ್ರಿಯ ಜೀವಿಯ ವೇದನೆಯನ್ನು ಹೀಗೆ ಮತ್ತೊಮ್ಮೆ ವೇದನೆ ಕೊಟ್ಟೇ ಸಿದ್ಧಪಡಿಸಬೇಕಾಗಿ ಬಂದುದು ಈ ಕಾಲದ ವಿಪರ್ಯಾಸ.

ಇಲ್ಲಿ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ನೆನೆಯದೆ ವಿಧಿಯಿಲ್ಲ. ಮಾಡಬೇಕೆಂಬ ಸಂಕಲ್ಪ ಸಂರಂಭ; ಸಾಧನಗಳನ್ನು ಕೂಡಿಸುವುದು ಸಮಾರಂಭ; ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರನ್ನು ಮನೋವಾಕ್ಕಾಯಗಳಿಂದ, ಕೃತ ಕಾರಿತ ಅನುಮತಗಳಿಂದ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ ನೂರೆಂಟು. ಜಪಮಾಲೆಯ ಮಣಿಗಳ ಸಂಖ್ಯೆಯೊಡನೆ ಇದನ್ನು ಹೊಂದಿಸಿ ಹೇಳುವುದನ್ನು ಶ್ರಾವಕರು ಕೇಳಿದ್ದಾರೆ. ಈ ಗಣನೆಯು ಶಾಸ್ತ್ರದ ಒಣ ಲೆಕ್ಕವೆಂದು ಭಾವಿಸುವವರು ಕಾರ್ಕ್ ನಗರದ ಆ ಮೇಜಿನ ಮೇಲಿದ್ದ ಪಟ್ಟಿಯನ್ನು ನೋಡಬೇಕಾಗಿತ್ತು. ಮೀನನ್ನು ವಂಚಿಸಲೆಂದೇ ಬಣ್ಣ ಬಳಿದ ಕೃತಕ ಎರೆ ಮಾಯೆಯಲ್ಲವೆ? ಒಂದೇ ದಾರಕ್ಕೆ ಆರು ಗರಿಗಾಳಗಳನ್ನು ಕಟ್ಟಿ ಒಂದೇ ಎಸೆತಕ್ಕೆ ಆರು ಮ್ಯಾಕರೆಲ್ ಎತ್ತುವುದು ಲೋಭ. ದೊಡ್ಡ ಮೀನನ್ನು ಎದೆಗೆ ಹಿಡಿದು ತೆಗೆಸಿಕೊಳ್ಳುವ ಚಿತ್ರದಲ್ಲಿ ಮಾನ ಎದ್ದು ಕಾಣುತ್ತದೆ. ಗಾಳ ಹಿಡಿಯದೆ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವವರದು ಅನುಮತ. ಇಷ್ಟೆಲ್ಲವೂ ಆ ಮರಳತೀರದಿಂದ ಬಹುದೂರದಲ್ಲಿ, ನಾಲ್ಕು ತಿಂಗಳು ಮುಂಚೆ, ಒಂದು ಹನಿ ಉಪ್ಪುನೀರೂ ಮೈಗೆ ತಾಗುವ ಮೊದಲೇ ನಡೆಯುತ್ತಿತ್ತು.

ಪಟ್ಟಿಯಲ್ಲಿ ಯಾರೂ ಎಣಿಸದಿದ್ದ ಜೀವಿ ಒಂದಿತ್ತು. ಇಳಿತದ ಸಮಯದಲ್ಲಿ ಒದ್ದೆ ಮರಳನ್ನು ಅಗೆದು ಎರೆಗಾಗಿ ತೆಗೆಯುವ ಲಗ್ ಎಂಬ ಹುಳು. ‘ಎರೆ, ಐವತ್ತು’ ಎಂದಷ್ಟೇ ಬರೆದಿತ್ತು. ಮೀನಿನ ಉದ್ದವನ್ನು ಅಳೆಯುವ ಕಾನೂನು, ಅದರ ಸಂತತಿಯನ್ನು ಲೆಕ್ಕ ಹಾಕುವ ಮಂಡಳಿ, ಅದರ ನೋವನ್ನು ಪರೀಕ್ಷಿಸುವ ವಿಜ್ಞಾನ, ಇವೆಲ್ಲ ಇವೆ. ಜೀವಂತವಾಗಿ ಗಾಳಕ್ಕೆ ಪೋಣಿಸಲ್ಪಡುವ ಹುಳುವಿನ ಪರವಾಗಿ ಮಾತನಾಡುವವರು ಎಲ್ಲಿಯೂ ವಿರಳ. ಮಗಳು ಅದನ್ನೂ ಗಮನಿಸಲಿಲ್ಲ. ಆದರೆ ಕೃತಕ ಎರೆಯನ್ನೇ ಬಳಸುವುದೆಂದು ಉಪಾಧ್ಯಾಯರು ಬೇರೆ ಕಾರಣಕ್ಕೆ, ಹುಳು ಅಗೆಯುವ ಶ್ರಮ ತಪ್ಪಲೆಂದು, ತೀರ್ಮಾನಿಸಿದಾಗ ಆ ಐವತ್ತು ಪ್ರಾಣಗಳು ಉಳಿದವು. ಕರುಣೆಯಿಂದ ಉಳಿಯಲಿಲ್ಲ, ಸೋಮಾರಿತನದಿಂದ ಉಳಿದವು. ಹುಳುಗಳ ಮಟ್ಟಿಗೆ ಎರಡೂ ಒಂದೇ.

ಏಪ್ರಿಲ್ ಕೊನೆಯ ಹೊತ್ತಿಗೆ ಪಟ್ಟಿ ಬಹಳ ಬದಲಾಗಿತ್ತು. ಗಾಳದ ಕೋಲುಗಳು ನಾಲ್ಕಿದ್ದದ್ದು ಎರಡಾದವು. ಬಾಸ್ ಮತ್ತು ಪೊಲಾಕ್ ಹೆಸರುಗಳ ಮೇಲೆ ಗೆರೆ ಬಿದ್ದಿತು. ರ‍್ಯಾಸ್ ಇರುವ ಬಂಡೆಗಳ ಕಡೆಗೆ ಹೋಗುವುದಿಲ್ಲವೆಂದಾಯಿತು. ಮ್ಯಾಕರೆಲ್ ಮಾತ್ರ ಉಳಿಯಿತು. ಅದೂ ಎರಡು ಸಂಜೆ, ಊಟಕ್ಕೆ ಬೇಕಾದಷ್ಟೇ, ಆರು ಗಾಳಗಳ ಬದಲು ಒಂದು. ಮ್ಯಾಕರೆಲ್ಲಿನ ಮೈ ಅತಿ ಕೋಮಲ. ಒಣಗೈಯಲ್ಲಿ ಹಿಡಿದು ಬಿಟ್ಟರೂ ಬಹುಪಾಲು ಬದುಕಲಾರದಾದ್ದರಿಂದ ಹೆಚ್ಚಾದುದನ್ನು ಬಿಡುವ ಮಾತೇ ಇಲ್ಲ. ಇದು ಅಹಿಂಸೆಯಲ್ಲ. ಸಂಕಲ್ಪೀ ಹಿಂಸೆಯ ಪಟ್ಟಿ ಚಿಕ್ಕದಾಯಿತು, ಅಷ್ಟೆ. ಅಣುವ್ರತಿಯಾದವನು ಆ ಎರಡು ಸಂಜೆಗಳನ್ನೂ ಒಪ್ಪಲಾರನು. ಹಾಗೆಂದು, ಸಂಕಲ್ಪದ ಹಂತದಲ್ಲಿಯೇ ಬಿದ್ದುಹೋದ ಆ ಗೆರೆಗಳನ್ನು ಲೆಕ್ಕಕ್ಕಿಲ್ಲವೆನ್ನುವುದು ನ್ಯಾಯವೂ ಅಲ್ಲ. ಉಪಾಧ್ಯಾಯರು ಯಾವ ವ್ರತವನ್ನೂ ಸ್ವೀಕರಿಸಿರಲಿಲ್ಲ. ಮಗಳ ಒಂದು ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡದೆ ಎರಡು ತಿಂಗಳು ಇಟ್ಟುಕೊಂಡಿದ್ದರು.

ಮಗಳು ತನಗೆ ಕೋಲು ಬೇಡವೆಂದು ದುರ್ಬೀನನ್ನು ಕೇಳಿದಳು. ಆ ಕರೆಯಿಂದ ದಕ್ಷಿಣಕ್ಕೆ ಲಿಟಲ್ ಸ್ಕೆಲಿಗ್ ಎಂಬ ಕಡಿದಾದ ದ್ವೀಪವಿದೆ. ಗ್ಯಾನೆಟ್ ಎಂಬ ಬಿಳಿಯ ಕಡಲಹಕ್ಕಿಗಳು ಹತ್ತಾರು ಸಾವಿರ ಜೋಡಿಗಳಾಗಿ ಅಲ್ಲಿ ಮರಿಮಾಡುತ್ತವೆ, ಮ್ಯಾಕರೆಲ್ ಇರುವ ಕಡೆ ಬಾಣದಂತೆ ನೀರಿಗೆ ಎರಗುತ್ತವೆ. ಅವನ್ನು ನೋಡುತ್ತ ಕುಳಿತರೆ ಸಾಕೆಂದಳು. ಮೀನು ಸುಟ್ಟಾಗ ತಾನು ತಿನ್ನುವೆನೋ ಇಲ್ಲವೋ ಎಂಬುದನ್ನು ಮಾತ್ರ ಹೇಳಲಿಲ್ಲ, ತಂದೆಯೂ ಕೇಳಲಿಲ್ಲ.

ಗೆಳೆಯರು ಪೂರ್ಣವಾಗಿ ಒಪ್ಪಿದವರಲ್ಲ. ಮುಂದಿನ ಭಾನುವಾರ ತಮ್ಮ ಹಳೆಯ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಸುರಿದು, ಇಕ್ಕಳ ಹಿಡಿದು, ಒಂದೊಂದು ಗಾಳದ ಹಿಮ್ಮುಳ್ಳನ್ನೂ ಒತ್ತಿ ಚಪ್ಪಟೆ ಮಾಡುತ್ತ ಕುಳಿತರು. ಕೆಲವು ತುಕ್ಕು ಹಿಡಿದಿದ್ದವು, ಒತ್ತಿದೊಡನೆ ಮುರಿದವು. ಅವನ್ನು ಮಗಳು ಬೇರೆಯಾಗಿ ಒಂದು ಡಬ್ಬಿಗೆ ಹಾಕಿ ಮುಚ್ಚಿದಳು.